ಮಲ್ಲಪ್ಪನವರು ಚಾರ್ಜರ್ ನೋಡಲು ಹೋದದ್ದು

ಸತ್ತೇಗಾಲದಲ್ಲಿ ಯಾರು ಏನೇ ಕೊಳ್ಳಲಿ, ಶಿವಮಲ್ಲಪ್ಪನವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಬೇಕು. ಇದು ಯಾವ ಪಂಚಾಯಿತಿಯೂ ಮಾಡಿದ ಕಟ್ಟಳೆಯಲ್ಲ, ಆದರೆ ಮುರಿದವರೂ ಇಲ್ಲ. ಶುರುವಾದದ್ದು ಎತ್ತಿನಿಂದ. ಮಲ್ಲಪ್ಪನವರು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ, ಮೈಮೇಲಿನ ಸುಳಿ ಎಣಿಸಿ, ನೊಗಕ್ಕೆ ಕಟ್ಟಿ ಒಂದು ಸುತ್ತು ಉತ್ತು, ಆಮೇಲೆ "ಆಗ್ಬೋದು" ಅಂದರೆ ವ್ಯಾಪಾರ ಮುಗಿಯಿತು. ತಲೆ ಅಲ್ಲಾಡಿಸಿದರೆ ಮಾರುವವನು ಹಗ್ಗ ಹಿಡಿದುಕೊಂಡು ತೆಪ್ಪಗೆ ತನ್ನೂರಿನ ದಾರಿ ನೋಡಿಕೊಳ್ಳುತ್ತಿದ್ದ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಬೋರ್‌ವೆಲ್ ಮೋಟಾರು, ಮಿಕ್ಸಿ, ಫ್ರಿಜ್ಜು ಬಂದವು. ನೋಡುವವರು ಮಾತ್ರ ಬದಲಾಗಲಿಲ್ಲ. ಮಲ್ಲಪ್ಪನವರು ಫ್ರಿಜ್ಜಿನ ಬಾಗಿಲನ್ನೂ ಬಾಯಿ ಬಿಡಿಸುವ ಹಾಗೇ ತೆಗೆದು, ಒಳಗೆ ಇಣುಕಿ, ಬೆನ್ನು ತಟ್ಟಿ, "ಆಗ್ಬೋದು" ಅನ್ನುತ್ತಿದ್ದರು.

ಈ ನಲವತ್ತು ವರ್ಷದಲ್ಲಿ ಅವರು ಒಂದು ಸಲವೂ "ನಂಗೆ ಗೊತ್ತಿಲ್ಲ" ಅಂದವರಲ್ಲ. ಫ್ರಿಜ್ಜು ಹೇಗೆ ತಣ್ಣಗಾಗುತ್ತದೆ ಅನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅದು ಅವರಿಗೆ ಗೊತ್ತಿಲ್ಲ ಅನ್ನುವುದು ಊರಿಗೆ ಗೊತ್ತಿಲ್ಲ ಎಂದು ಅವರು ನಂಬಿದ್ದರು. ಮೂರು ಎಕರೆ ಗದ್ದೆಗಿಂತ ಈ ಹೆಸರೇ ಅವರಿಗೆ ದೊಡ್ಡ ಆಸ್ತಿ.

ಈ ಆಸ್ತಿಗೆ ಕುತ್ತು ಬಂದದ್ದು ಎದುರು ಮನೆಯ ಶಂಕರಮ್ಮನ ಮಗಳು ಶಿವರಂಜನಿಯಿಂದ. ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಲ್ಯಾಬ್ ಸಹಾಯಕಿಯಾಗಿದ್ದ ಹುಡುಗಿ. ರಜೆಯ ದಿನ ಥರ್ಮೋಕೋಲು ಕತ್ತರಿಸಿ ಅಂಟಿಸಿ ವಿಮಾನ ಮಾಡುವುದು, ಕುಯ್ಲಾದ ಗದ್ದೆಯಲ್ಲಿ ನಿಂತು ಕೈಯಲ್ಲಿ ರಿಮೋಟು ಹಿಡಿದು ಅದನ್ನು ಹಾರಿಸುವುದು ಅವಳ ಹುಚ್ಚು. ವಿಮಾನದ ಹೊಟ್ಟೆಯೊಳಗೆ ಅಂಗೈಯಷ್ಟು ಬ್ಯಾಟರಿ. ಹೋದ ತಿಂಗಳು ಹಳೆಯ ಚಾರ್ಜರು ಕೆಟ್ಟು ಆ ಬ್ಯಾಟರಿ ಪೂರಿಯ ಹಾಗೆ ಊದಿಕೊಂಡಿತ್ತು. ಶಂಕರಮ್ಮ ಅದನ್ನು ಇಕ್ಕಳದಲ್ಲಿ ಹಿಡಿದು ಓಡಿಹೋಗಿ ತಿಪ್ಪೆಗುಂಡಿಗೆ ಎಸೆದು ಬಂದಿದ್ದಳು. ಅವತ್ತಿನಿಂದ ಮನೆಯಲ್ಲಿ ವಿಮಾನದ ಸುದ್ದಿ ಎತ್ತುವ ಹಾಗಿಲ್ಲ.

ಮಗಳು ಬಿಡಲಿಲ್ಲ. ಹೊಸ ಬ್ಯಾಟರಿಯನ್ನೂ ತರಿಸಿಕೊಂಡಳು. ಕೊನೆಗೆ ಶಂಕರಮ್ಮ ಒಂದು ಷರತ್ತು ಹಾಕಿದಳು. ಬೆಳಿಗ್ಗೆ ಬಂದು ಮಲ್ಲಪ್ಪನವರ ಜಗಲಿಯ ಮುಂದೆ ನಿಂತು ಹೇಳಿದಳು:

"ಮಾವ, ಇವ್ಳು ಕೊಳ್ಳೇಗಾಲ್ದಲ್ಲಿ ಅದೇನೋ ಚಾರ್ಜರ್ ತಕತಾಳಂತೆ. ನೀವು ಓಗಿ ನೋಡಿ ಆಗ್ಬೋದು ಅಂದ್ರೆ ಮನೆ ಒಳಿಕ್ಕೆ ಬುಡ್ತೀನಿ. ಇಲ್ಲಾಂದ್ರೆ ಆ ಇಮಾನನೂ ತಿಪ್ಪೆಗೇ ಓಯ್ತದೆ."

ಮಲ್ಲಪ್ಪನವರು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು. "ಅದ್ಕೇನಂತೆ, ನೋಡುವ" ಅಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ರಂಜನಿ ಹೊಸ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ದಾರಿಯುದ್ದಕ್ಕೂ ವಿವರಿಸಿದಳು. ಇದು ಲಿಥಿಯಂ ಪಾಲಿಮರ್ ಅಂತ ತಾತ, ಟ್ರ್ಯಾಕ್ಟರ್ ಬ್ಯಾಟ್ರಿ ತರ ಅಲ್ಲ, ಎರಡು ಸಾವಿರದ ಇನ್ನೂರು ಅಂತ ಬರೆದಿದ್ರೆ ಎರಡು ಆಂಪಿಯರ್ ಮೇಲೆ ಜಾಸ್ತಿ ಕೊಡಬಾರ್ದು, ಪೂರ್ತಿ ಖಾಲಿ ಮಾಡಿಯೂ ಇಡಬಾರ್ದು, ಪೂರ್ತಿ ತುಂಬಿಸಿಯೂ ಇಡಬಾರ್ದು. ಮಲ್ಲಪ್ಪನವರು ಒಂದೊಂದಕ್ಕೂ "ಊಂ" ಅಂದರು. ಕಂಡಕ್ಟರ್ ಬಂದು ಟಿಕೆಟ್ ಕೇಳಿದಾಗಲೂ "ಊಂ" ಅಂದರು.

ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಯುಪಿಎಸ್ಸು, ಇನ್ವರ್ಟರು, ಸೋಲಾರು ಎಲ್ಲ ಮಾರುವ ರುದ್ರಸ್ವಾಮಿ ಇವರನ್ನು ಕಂಡವನೇ ಎದ್ದು ನಿಂತ.

"ಬನ್ನಿ ಯಜಮಾನ್ರೆ. ನೀವು ಬತ್ತೀರಿ ಅಂತ ರಂಜನಿಯವ್ರು ಫೋನಲ್ಲಿ ಏಳಿದ್ರು."

ಈ ಮಾತು ಮಲ್ಲಪ್ಪನವರಿಗೆ ಹಿತವಾಯಿತು. ಕುರ್ಚಿ ಎಳೆದುಕೊಂಡು ಕೂತು, "ಇರೋದ್ನೆಲ್ಲ ಮುಂದಿಕ್ಕು" ಅಂದರು.

ರುದ್ರಸ್ವಾಮಿ ಎರಡು ಚಾರ್ಜರ್ ತಂದಿಟ್ಟ. ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಮೇಲೆ ಮೂರು ದೀಪ. ಇನ್ನೊಂದು ಅಂಗೈ ಅಗಲದ್ದು, ಮೇಲೆ ಸಣ್ಣ ಪರದೆ, ಪಕ್ಕದಲ್ಲಿ ಬಿಳಿ ಹಲ್ಲುಗಳ ಸಾಲಿನ ಹಾಗೆ ಏನೇನೋ ತೂತು. ಮಲ್ಲಪ್ಪನವರು ಮೊದಲನೆಯದನ್ನು ಎತ್ತಿ ಕೆಳಗಿಟ್ಟರು. ಎತ್ತಿದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ. ಎರಡನೆಯದರ ತೂತುಗಳನ್ನು ಎಣಿಸಿದರು. ಬೆನ್ನು ಸವರಿದರು. ಸುಳಿ ಎಲ್ಲಿ ಹುಡುಕುವುದು ಅಂತ ತಿಳಿಯದೆ ತಿರುಗಿಸಿ ತಿರುಗಿಸಿ ನೋಡಿದರು. ಅದೂ ಹಗುರವೇ. ಬೆವರು ಕಿತ್ತುಕೊಂಡು ಬಂತು.

ಆಗ ಅವರ ಕಣ್ಣಿಗೆ ಮೂಲೆಯಲ್ಲಿದ್ದ ಕಬ್ಬಿಣದ ಡಬ್ಬಿ ಬಿತ್ತು. ಕಪ್ಪಗೆ, ಹಿಡಿಕೆ ಇಟ್ಟುಕೊಂಡು, ಎರಡು ದಪ್ಪ ವೈರಿನ ತುದಿಯಲ್ಲಿ ಮೊಸಳೆ ಬಾಯಿಯಂಥ ಕ್ಲಿಪ್ಪು.

"ಅದು?"

"ಅದು ಟ್ರ್ಯಾಕ್ಟರ್ ಬ್ಯಾಟ್ರಿಗೆ ಹಾಕೋದು ಯಜಮಾನ್ರೆ."

"ಎಷ್ಟು ವೋಲ್ಟು?"

"ಹನ್ನೆರಡು."

"ಮಗ, ನಿನ್ ಬ್ಯಾಟ್ರಿ ಎಷ್ಟು ವೋಲ್ಟು ಅಂದೆ?"

"ಹನ್ನೊಂದು ಚಿಲ್ಲರೆ ತಾತ, ಆದ್ರೆ..."

"ಎತ್ಲಾ ಇಲ್ಲಿಗೆ" ಅಂದರು ಮಲ್ಲಪ್ಪನವರು ರುದ್ರಸ್ವಾಮಿಗೆ. ಡಬ್ಬಿ ಮೇಜಿನ ಮೇಲೆ ಧೊಪ್ಪೆಂದು ಕೂತಿತು. ಆ ಸದ್ದು ಕೇಳಿಯೇ ಅವರಿಗೆ ಜೀವ ಬಂತು. ಎತ್ತಿ ನೋಡಿದರು, ಹತ್ತು ಸೇರಿನ ಭಾರ. ನಲವತ್ತು ವರ್ಷ ಅವರು ನಂಬಿಕೊಂಡು ಬಂದ ಸೂತ್ರ ಇದೊಂದೇ: ಭಾರ ಇದ್ದದ್ದು ಬಾಳಿಕೆ ಬರುತ್ತದೆ. ಮಿಕ್ಸಿಯನ್ನು ಹಾಗೇ ಆರಿಸಿದ್ದರು, ಮೋಟಾರನ್ನೂ ಹಾಗೇ. ಎತ್ತಿನಲ್ಲಂತೂ ಕೇಳಲೇಬೇಡಿ.

"ಇದೇ ಆಗ್ಬೋದು" ಅಂದರು.

ರುದ್ರಸ್ವಾಮಿ ರಂಜನಿಯ ಮುಖ ನೋಡಿದ. ರಂಜನಿ ಚಾವಣಿ ನೋಡಿದಳು. ಮಲ್ಲಪ್ಪನವರು ಒಂದು ಹೆಜ್ಜೆ ಮುಂದೆ ಹೋದರು.

"ಸುಮ್ನೆ ಬಾಯ್ಮಾತಲ್ಲಿ ಬ್ಯಾಡ. ಒಂದು ಸುತ್ತು ಉತ್ತು ನೋಡ್ಬುಡುವ. ಆ ಬ್ಯಾಟ್ರಿ ತತ್ತಾ ಮಗ."

ಕ್ಲಿಪ್ಪು ಕೈಗೆತ್ತಿಕೊಂಡೇಬಿಟ್ಟರು. ರಂಜನಿ ಬ್ಯಾಟರಿಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು.

"ಬ್ಯಾಡ ತಾತ. ಅದ್ಕೆ ಹಾಕಿದ್ರೆ ಬೆಂಕಿ ಹತ್ಕೊತದೆ."

ಮಲ್ಲಪ್ಪನವರು ಆಗ್ಬೋದು ಅಂದಮೇಲೆ ಬ್ಯಾಡ ಅಂದವರು ಈವರೆಗೆ ಯಾರೂ ಇರಲಿಲ್ಲ. ಅವರ ಕಿವಿ ಬಿಸಿಯಾಯಿತು. ಸಿಟ್ಟಲ್ಲ, ನಾಚಿಕೆ. ಕ್ಲಿಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

ರಂಜನಿ ಬ್ಯಾಟರಿಯನ್ನು ಅವರ ಅಂಗೈಗೆ ಕೊಟ್ಟು ಪಕ್ಕದಲ್ಲಿ ಕೂತಳು. "ನೋಡಿ ತಾತ, ಹೊರಗೆ ಒಂದೇ ಕಾಣ್ತದೆ, ಒಳಗೆ ಮೂರು ಸೆಲ್ ಅವೆ. ಒಂದೊಂದೂ ನಾಲ್ಕು ಪಾಯಿಂಟ್ ಎರಡು ವೋಲ್ಟ್ ತನಕ ಮಾತ್ರ ತುಂಬ್ಬೇಕು. ಒಂದು ಬೇಗ ತುಂಬ್ಕೊತದೆ, ಒಂದು ನಿಧಾನ. ದೊಡ್ಡ ಡಬ್ಬಿಗೆ ಅದು ಗೊತ್ತಾಗಲ್ಲ, ಮೂರ್ನೂ ಒಂದೇ ಅಂತ ನುಗ್ಗಿಸ್ತದೆ. ತುಂಬಿದ್ದು ಊದ್ಕೊತದೆ."

ಮಲ್ಲಪ್ಪನವರು ಅಂಗೈಯ ಮೇಲಿನದನ್ನು ದಿಟ್ಟಿಸಿದರು. ಮೊದಲ ಸಲ ಅವರಿಗೆ ಕೇಳುವ ಹಾಗೆ ಒಂದು ಪ್ರಶ್ನೆ ಹುಟ್ಟಿತು.

"ಅಂದ್ರೆ ಒಂದೇ ನೊಗಕ್ಕೆ ಮೂರು ಕಟ್ಟವ್ರೆ?"

"ಅಂಗೇ ಅಂದ್ಕೊಳಿ."

"ಒಂದು ಬಲ್ವಾಗಿರ್ತದೆ, ಒಂದು ಸೋಲ್ತದೆ. ಆಗ ನಾವು ನೊಗಕ್ಕೆ ನೇಗ್ಲು ಬಿಗ್ದಿರೋ ಕಟ್ಟ ಬಲ್ವಾಗಿರೋ ಎತ್ತಿನ ಕಡಿಕ್ಕೆ ನಾಕ್ಬೆಟ್ಟು ಸರಿಸ್ತೀವಿ. ಭಾರ ಅದ್ರ ಮ್ಯಾಲೆ ಜಾಸ್ತಿ ಬೀಳ್ತದೆ, ಸೋತದ್ದೂ ಜೊತೇಲಿ ನಡೀತದೆ. ಇದ್ರಲ್ಲಿ ಕಟ್ಟ ಸರಿಸೋರು ಯಾರು?"

ರಂಜನಿ ಖುಷಿಯಿಂದ ಬ್ಯಾಟರಿಯ ಸಣ್ಣ ಬಿಳಿ ಪ್ಲಗ್ಗನ್ನು ಹಿಡಿದು ತೋರಿಸಿದಳು. "ಇದು ತಾತ. ಈ ಪರದೆ ಚಾರ್ಜರು ಇದ್ರ ಮೂಲಕ ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡ್ಕೊತದೆ. ಯಾವುದು ಎಷ್ಟು ತುಂಬೈತೆ ಅಂತ ಬರೆದೂ ತೋರಿಸ್ತದೆ. ಆ ದೀಪದ್ದೂ ನೋಡ್ಕೊತದೆ, ಆದ್ರೆ ನಿಧಾನ, ಮತ್ತೆ ಏನ್ ನಡೀತದೆ ಅಂತ ಹೇಳಲ್ಲ."

"ತಕ ಮತ್ತೆ" ಅಂದರು ಮಲ್ಲಪ್ಪನವರು. ಎದ್ದು ನಿಂತು ಪರದೆ ಚಾರ್ಜರಿನ ಬೆನ್ನು ತಟ್ಟಿದರು. "ರುದ್ರಸ್ವಾಮಿ, ಇದು ಅಗುರ ಇದ್ರೂ ಗಯ್ಯೋ ಜಾತಿ. ಇದೇ ಆಗ್ಬೋದು. ಕಟ್ಕೊಡು."

ಬದುಕಿಕೊಂಡೆ ಅನ್ನಿಸಿತು ಅವರಿಗೆ. ಹೆಸರು ಉಳಿಯಿತು, ತಿಳಿವಳಿಕೆಯೂ ಒಂದು ಹಿಡಿ ಹೆಚ್ಚಾಯಿತು. ರುದ್ರಸ್ವಾಮಿ ಸಡಗರದಿಂದ ಒಳಗೆ ಹೋಗಿ ಅದರ ರಟ್ಟಿನ ಡಬ್ಬ ತಂದು ಚಾರ್ಜರನ್ನು ಅದರೊಳಗಿಟ್ಟು ಕೊಟ್ಟ. ಅದನ್ನು ಕೈಗೆ ತೆಗೆದುಕೊಳ್ಳುವಾಗ ಮಲ್ಲಪ್ಪನವರಿಗೆ ಮುಚ್ಚಳದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು ಕಾಣಿಸಿತು. ಶಿವರಂಜನಿ, ಸತ್ತೇಗಾಲ. ಕೆಳಗೆ ತಾರೀಖು, ಹದಿನೈದು ದಿನ ಹಿಂದಿನದು.

ಅವರು ಅದನ್ನು ಎರಡು ಸಲ ಓದಿದರು. ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಅವರು ಕೂತಿದ್ದರು. ಕುಂತೂರಿನ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ಒಂದು ಎದುರಾಯಿತು. ಅದನ್ನು ನೋಡಿದ್ದೇ ತಡ, ಮಲ್ಲಪ್ಪನವರಿಗೆ ತಮ್ಮೂರಿನ ರಂಗಸ್ವಾಮಿಯ ಟ್ರ್ಯಾಕ್ಟರ್ ನೆನಪಾಯಿತು. ಅದನ್ನು ಆರಿಸಿಕೊಡಲು ಅವರು ಶೋರೂಮಿಗೆ ಹೋಗಿದ್ದ ದಿನ, ಅದರ ಮುಂದುಗಡೆ ಆಗಲೇ ರಂಗಸ್ವಾಮಿಯ ಇಬ್ಬರು ಮಕ್ಕಳ ಹೆಸರು ಬಣ್ಣದಲ್ಲಿ ಬರೆದಿತ್ತು. ಶೋರೂಮಿನವರು ಎಷ್ಟು ಚುರುಕು ಅಂದುಕೊಂಡಿದ್ದರು ಅವತ್ತು. ಬಸವಮ್ಮನ ಮಿಕ್ಸಿಯೋ? ಅಂಗಡಿಗೆ ಹೋಗುವ ಮೊದಲೇ ಅವಳ ಮನೆಯ ಗೂಡಿನಲ್ಲಿ ಅದರ ಜಾರು ಇತ್ತಲ್ಲ.

ನಲವತ್ತು ವರ್ಷ. ಅದರಲ್ಲಿ ಎತ್ತಿನವು ಎಷ್ಟು, ಉಳಿದವು ಎಷ್ಟು? ಇಡೀ ಊರಿಗೆ ಊರೇ ಸೇರಿ ತಮ್ಮನ್ನು ಮಗುವಿನ ಹಾಗೆ ನಡೆಸಿಕೊಂಡು ಬಂದಿದೆ ಅನ್ನಿಸಿ ತುಂಬಾ ನೋವಾಯಿತು.

"ಹದಿನೈದ್ ದಿವ್ಸದ ಹಿಂದೇನೇ ಗೊತ್ತುಮಾಡಿದ್ದೆ. ಮತ್ಯಾಕೆ ನನ್ನ ಕರ್ಕಂಡ್ ಬಂದೆ ಮಗ?"

ರಂಜನಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು. ಸುಳ್ಳು ಹೇಳಲಿಲ್ಲ.

"ಯಾವ ಚಾರ್ಜರು ಅಂತ ನಂಗೆ ಗೊತ್ತಿತ್ತು ತಾತ. ಅವ್ವನ ಹೆದರಿಕೆ ಹೆಂಗೆ ಬಿಡಿಸೋದು ಅಂತ ಗೊತ್ತಿರ್ಲಿಲ್ಲ. ಅದು ನಿಮ್ಗೊಬ್ರಿಗೇ ಬರೋದು."

ಮಲ್ಲಪ್ಪನವರು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು.

ಶಂಕರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ನೋಡುದ್ರಾ ಮಾವ?"

ರಂಜನಿ ಉಸಿರು ಬಿಗಿಹಿಡಿದಳು. ಇವರು ಒಂದು ಮಾತು ಹೇಳಿದರೆ ವಿಮಾನ ತಿಪ್ಪೆಗೆ. ಮಲ್ಲಪ್ಪನವರು ಡಬ್ಬವನ್ನು ನೋಡಿದರು, ಹುಡುಗಿಯನ್ನು ನೋಡಿದರು, ಮುಚ್ಚಳದ ಮೇಲಿನ ಬರಹಕ್ಕೆ ಅಂಗೈ ಅಡ್ಡ ಇಟ್ಟರು.

"ನೋಡ್ದೆ ಕಣವ್ವ. ಆಗ್ಬೋದು. ಆದ್ರೆ ಮೊದ್ಲ ಸಲ ನಾನು ಇಲ್ಲೇ ಕೂತಿರ್ತೀನಿ."

ಜಗಲಿಯ ಮೇಲೆ ಹೆಂಚಿಟ್ಟು, ಹೆಂಚಿನ ಮೇಲೆ ಬ್ಯಾಟರಿ ಇಟ್ಟು, ಪಕ್ಕದಲ್ಲಿ ಒಂದು ಬಾಂಡ್ಲಿ ಮರಳೂ ಇಟ್ಟುಕೊಂಡು ರಂಜನಿ ಪ್ಲಗ್ಗು ಹಾಕಿದಳು. ಪರದೆಯ ಮೇಲೆ ಮೂರು ಅಂಕಿ ಮೂಡಿದವು. ಮೂರನೆಯದು ಸ್ವಲ್ಪ ಹಿಂದೆ. ಮಲ್ಲಪ್ಪನವರು ಒಂದು ಗಂಟೆ ಕಣ್ಣು ಕೀಳಲಿಲ್ಲ. ಮೂರನೆಯದು ಕುಂಟುತ್ತ ಕುಂಟುತ್ತ ಬಂದು ಉಳಿದೆರಡರ ಜೊತೆ ಸೇರಿಕೊಂಡಾಗ "ಬಂತು ನೋಡು" ಅಂದು ಮೆಲ್ಲಗೆ ತೊಡೆ ತಟ್ಟಿಕೊಂಡರು. ಶಂಕರಮ್ಮ ಆ ಹೊತ್ತಿನ ತನಕ ಚಾರ್ಜರನ್ನು ಒಂದು ಸಲವೂ ನೋಡಿರಲಿಲ್ಲ. ಬಾಗಿಲಿಗೆ ಒರಗಿಕೊಂಡು ಇವರ ಮುಖವನ್ನೇ ನೋಡುತ್ತಿದ್ದಳು. ತೊಡೆ ತಟ್ಟಿಕೊಂಡದ್ದು ಕಂಡ ಮೇಲೆ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.

ಅದನ್ನು ಮಲ್ಲಪ್ಪನವರು ಗಮನಿಸಿದರು. ರಂಜನಿ ಬಸ್ಸಿನಲ್ಲಿ ಹೇಳಿದ ಮಾತು ಆಗ ಅವರಿಗೆ ಅರ್ಥವಾಯಿತು.

ಮಾರನೆಯ ಬೆಳಿಗ್ಗೆ ಗದ್ದೆಯ ಮೇಲೆ ಬಿಳಿ ವಿಮಾನ ಗುಯ್ಗುಟ್ಟಿಕೊಂಡು ಸುತ್ತುತ್ತಿತ್ತು. ಮಲ್ಲಪ್ಪನವರು ಬದುವಿನ ಮೇಲೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಅದರ ನಡಿಗೆ ನೋಡುತ್ತಿದ್ದರು. ಕೆಳಗಿನ ಗದ್ದೆಯ ಕೆಂಪನಂಜಪ್ಪ ಹತ್ತಿರ ಬಂದು ತಲೆ ಕೆರೆದುಕೊಂಡ.

"ಮಲ್ಲಪ್ಪೋರೆ, ಬೋರಿಗೊಂದು ಮೋಟ್ರು ತಕಬೇಕು. ನಾಳೆ ಕೊಳ್ಳೇಗಾಲಕ್ಕೆ ಬಂದೀರಾ?"

ಮಲ್ಲಪ್ಪನವರು ವಿಮಾನದಿಂದ ಕಣ್ಣು ತೆಗೆಯಲಿಲ್ಲ.

"ಯಾವ್ದು ತಕಬೇಕು ಅಂತ ನೋಡಿ ಗೊತ್ತುಮಾಡಿದ್ದೀಯಾ?"

ಕೆಂಪನಂಜಪ್ಪ ತಬ್ಬಿಬ್ಬಾದ. ಆ ಕಡೆ ನೋಡಿದ, ಈ ಕಡೆ ನೋಡಿದ. ಕೊನೆಗೆ ಸಣ್ಣ ದನಿಯಲ್ಲಿ, "ಊಂ, ಮಾಡಿವ್ನಿ" ಅಂದ.

"ಅಂಗಾದ್ರೆ ಬತ್ತೀನಿ" ಅಂದರು ಮಲ್ಲಪ್ಪನವರು. "ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಓಗುವ."