ಆರು ಬೆರಳಿನ ಬಾವಿ

"ಒಂದೇ ಕೈ ಚಾಚ್ತೀಯಲ್ಲೇ ಮುಂಡೇದೆ! ಎರಡೂ ಕೈ! ತಲೆ ಬಗ್ಸು. ಇನ್ನೂ ಬಗ್ಸು. ಮರ ಹತ್ತೋ ಜಾತಿಗೆ ಬಗ್ಗೋದು ಮರ್ತೋಯ್ತಾ?"

ವಿದಾನೆ ನಲ್ಲೈನಾಥನ್ ಹೀಗೆ ಕೂಗುವಾಗ ನಮ್ಮ ಕೇರಿಯ ಪಾಕ್ಕಿಯಂ ಕೈಯಲ್ಲಿದ್ದದ್ದು ರಟ್ಟಿನ ಬೀಗದ ಕೈ. ಮೊಳದುದ್ದ, ಮೇಲೆ ಬಂಗಾರದ ಬಣ್ಣದ ಕಾಗದ. ಶುಕ್ರವಾರ ಜನರಲ್ ಸಾಹೇಬರು ಬಂದು ಪಟ್ಟಾಳದವರು, ಅಂದರೆ ಸೈನ್ಯದವರು, ಕಟ್ಟಿದ ಹನ್ನೆರಡು ಮನೆಗಳನ್ನು ನಮಗೆ ದಾನ ಮಾಡುವವರಿದ್ದರು. ಕೊಡುವುದಕ್ಕೆ ತಾಲೀಮು ಬೇಡ, ತೆಗೆದುಕೊಳ್ಳುವುದಕ್ಕೆ ಬೇಕು. ಹಾಗಾಗಿ ಮೂರು ದಿನದಿಂದ ನಮಗೆ ಕೃತಜ್ಞತೆಯ ಕವಾಯತು ನಡೆದಿತ್ತು.

ವಿದಾನೆ ಎಂದರೆ ಊರಿನ ಸರ್ಕಾರಿ ಅಧಿಕಾರಿ. ಅವನಪ್ಪನೂ ವಿದಾನೆಯೇ. ಪಟ್ಟಾಳ ಬಂದ ಮೇಲೆ ನಮ್ಮನ್ನು ಬೈಯುವ ಕೆಲಸ ಪೂರ್ತಿ ಇವನಿಗೇ ಬಿಟ್ಟದ್ದರಿಂದ, ಕ್ಯಾಪ್ಟನ್ ಹೇರತ್ ಬಹಳ ಮರ್ಯಾದಸ್ಥರಾಗಿ ಉಳಿದಿದ್ದರು. ಅವರು ತರಗತಿಗೆ ಹೋಗಿ ನಮ್ಮ ಭಾಷೆ ಕಲಿತವರು.

"ಅಮ್ಮಾ, ತಾವು ಕೊಂಚ ನಗಬೇಕು," ಎಂದರು ಕ್ಯಾಪ್ಟನ್.

"ಹಲ್ಲಿಲ್ಲ ಸಾಮಿ."

"ಚಿಂತಿಸಬೇಡಿ. ಮುಂದಿನ ತಿಂಗಳು ದಂತ ಶಿಬಿರ ಇದೆ."

ಸುಳ್ಳು ಹೇಳಬಾರದು, ಹೇಳಿದ್ದನ್ನು ಅವರು ಮಾಡುತ್ತಿದ್ದರು. ನೆರೆ ಬಂದಾಗ ಬಸುರಿಯರನ್ನು ಹೆಗಲ ಮೇಲೆ ಹೊತ್ತು ದಾಟಿಸಿದವರು ಇದೇ ಸಿಪಾಯಿಗಳು. ಪಾಕ್ಕಿಯಂಗೆ ಕನ್ನಡಕ ಕೊಟ್ಟಿದ್ದರು, ಅದರ ಕಡ್ಡಿಯ ಮೇಲೂ ಪಟ್ಟಾಳದ ಮುದ್ರೆ ಇತ್ತು. ನಮ್ಮ ಕಕ್ಕಸಿನ ಬಾಗಿಲಿಗೆ ಬೋರ್ಡು, ಮಕ್ಕಳ ಜಾರುಬಂಡೆಗೆ ಬೋರ್ಡು. ಯುದ್ಧದಲ್ಲಿ ನಮ್ಮನ್ನು ಎಬ್ಬಿಸಿ, ನಮ್ಮ ಊರು ಪನೈಯಡಿಯನ್ನು ಮಾತ್ರ ಇಪ್ಪತ್ತಾರು ವರ್ಷದಿಂದ ತಮ್ಮ ಕ್ಯಾಂಪಾಗಿ ಮುಳ್ಳುತಂತಿಯೊಳಗೆ ಇಟ್ಟುಕೊಂಡಿದ್ದರು. ಅದಕ್ಕೂ ಒಂದು ಬೋರ್ಡು ಇತ್ತು: ಒಳಗೆ ಬಂದರೆ ಗುಂಡು.

ನಾವು ಎರಡು ಮೈಲಿ ಈಚೆ, ಹಿನ್ನೀರಿನ ದಂಡೆಯ ತಗಡಿನ ಗುಡಿಸಲುಗಳಲ್ಲಿ ಬೆವರುತ್ತಿದ್ದೆವು.

ಮನೆ ಬೇಕಿದ್ದರೆ ಮೊದಲು ಒಂದು ಕಾಗದಕ್ಕೆ ರುಜು ಹಾಕಬೇಕಿತ್ತು. ಓದಿ ಹೇಳು ಎಂದು ಪಾಕ್ಕಿಯಂ ನನ್ನ ಹತ್ತಿರ ತಂದಳು. ಕೊನೆಯ ಸಾಲಿನಲ್ಲಿ, ಹಿಂದಿನ ನೆಲದ ಮೇಲೆ ನನಗಾಗಲಿ ನನ್ನ ಸಂತತಿಗಾಗಲಿ ಯಾವ ಹಕ್ಕೂ ಇರುವುದಿಲ್ಲ ಎಂದಿತ್ತು.

ನಮ್ಮಲ್ಲಿ ಮನೆಯೂ ನೆಲವೂ ಹೆಣ್ಣಿನ ಜೊತೆ ಹೋಗುತ್ತವೆ. ತಾಯಿಯದು ಮಗಳಿಗೆ, ಮಗಳದು ಅವಳ ಮಗಳಿಗೆ. ಪಾಕ್ಕಿಯಂ ಮಗಳು ಮಲರ್‌ಗೆ ಮೂವತ್ತೊಂದು. ತಂತಿಯೊಳಗಿನ ನೆಲವನ್ನು ನಂಬಿ ಹೆಣ್ಣು ಕೇಳಲು ಯಾವ ಗಂಡೂ ಬಂದಿರಲಿಲ್ಲ.

"ಹಾಕ್ಬುಡ್ತೀನಿ ಕಣಣ್ಣ," ಎಂದಳು. "ಆ ನೆಲ ಹೆಂಗೂ ಬರಾಕಿಲ್ಲ. ಈ ಹುಡ್ಗಿ ಒಂದು ಸೂರಿನಡೀಲಿ ಮಲಗ್ಲಿ."

ಮಲರ್ ಆಗಲೇ ಹೊಸ ಮನೆಯ ಅಡುಗೆಕೋಣೆಯಲ್ಲಿ ಗೂಟ ಎಲ್ಲಿ ಹೊಡೆಯಬೇಕೆಂದು ನೋಡಿಕೊಂಡು ಬಂದಿದ್ದಳು.

ಅದೇ ವಾರ ನೀರಿನ ಟ್ಯಾಂಕರ್ ಬದಲಾಯಿತು. ತಂತಿಯ ಈಚಿನ ಬಾವಿಗಳೆಲ್ಲ ಉಪ್ಪಾಗಿ ನಾಲ್ಕು ವರ್ಷ ಆಗಿತ್ತು. ಪಟ್ಟಣದಿಂದ ಬರುತ್ತಿದ್ದ ಸಪ್ಪೆ ನೀರೂ ಆ ಬೇಸಿಗೆಯಲ್ಲಿ ನಿಂತಿತು. ಆಗ ಕ್ಯಾಪ್ಟನ್ ಪಟ್ಟಾಳದ್ದೇ ಟ್ಯಾಂಕರ್ ಹೊರಡಿಸಿದರು. ಮೊದಲು ತಂತಿಯ ಹೊರಗೇ ಉಳಿದಿದ್ದ ಮೇಲಿನ ಬೀದಿಗೆ, ಅಂದರೆ ವಿದಾನೆಯ ಜಾತಿಯವರಿಗೆ, ಅವರ ಕೊಡಗಳು ತುಂಬಿದ ಮೇಲೆ ನಮ್ಮ ಕಡೆಗೆ. ಓಡಿಸುವವನು ಪಿಯದಾಸ, ಐವತ್ತು ದಾಟಿದ ಬೊಜ್ಜಿನ ಸಿಪಾಯಿ. ನಮ್ಮ ಭಾಷೆಯನ್ನು ತರಗತಿಯಲ್ಲಿ ಕಲಿತವನಲ್ಲ, ಕೊಳಾಯಿ ಬುಡದ ಜಗಳಗಳಲ್ಲಿ ಕಲಿತವನು.

ಪಾಕ್ಕಿಯಂ ಮೊದಲ ಬೊಗಸೆ ಕುಡಿದವಳು ಕೊಡ ಅಲ್ಲೇ ಬಿಟ್ಟು ಮಣ್ಣಿನಲ್ಲಿ ಕೂತುಬಿಟ್ಟಳು. ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡೆವು. ಅವಳು ಇನ್ನೊಂದು ಬೊಗಸೆ ಹಿಡಿದು, ಬಾಯಿಯೊಳಗೆ ಆಡಿಸಿ, ನಿಧಾನವಾಗಿ ನುಂಗಿದಳು.

"ಯಾವ ಬಾವೀದಯ್ಯ ಇದು?"

"ಕ್ಯಾಂಪು ಬಾವಿ," ಎಂದ ಪಿಯದಾಸ. "ಬೇರೆ ಬಾವಿ ಎಲ್ಲಾ ಉಪ್ಪು. ಇದೊಂದು ಸಿಹಿ. ನಮ್ಮ ಹುಡುಗ್ರು ಆರ್ಬೆರಳು ಬಾವಿ ಅಂತ ಹೇಳೋದು. ಕಟ್ಟೆ ಸಿಮೆಂಟಲ್ಲಿ ಕಾಲು ಉಂಟು. ಆರು ಬೆರಳು. ದೆವ್ವದ ಕಾಲು ಅಂತ ಹೆದರ್ತಾವೆ, ಬೋಳಿಮಕ್ಕಳು."

"ದೆವ್ವ ಅಲ್ಲ ಕಣಯ್ಯ. ನಮ್ಮಪ್ಪ."

ನಮ್ಮ ಕೇರಿಯಲ್ಲಿ ಆ ಕತೆ ಗೊತ್ತಿಲ್ಲದವರಿಲ್ಲ. ಮೇಲಿನ ಬೀದಿಯ ಬಾವಿಗಳ ಹತ್ತಿರ ನಮ್ಮನ್ನು ಸೇರಿಸುತ್ತಿರಲಿಲ್ಲ. ಅವಳಪ್ಪ ಸಿನ್ನವನ್ ಬೆಳಿಗ್ಗೆ ತಾಳೆಮರ ಹತ್ತಿ ಕಳ್ಳು ಇಳಿಸಿ, ಮಧ್ಯಾಹ್ನದಿಂದ ಸುಣ್ಣಕಲ್ಲು ಕಡಿದು, ಒಂದು ವರ್ಷ ಈ ಬಾವಿ ತೋಡಿದ. ನೀರು ಸಿಕ್ಕಿ ಕಟ್ಟೆಗೆ ಗಾರೆ ಹಾಕುವ ದಿನ ಈ ವಿದಾನೆಯ ಅಪ್ಪ ಬಂದು, "ಯಾರನ್ನ ಕೇಳಿ ತೋಡ್ದೆಯೋ? ರುಜು ಎಲ್ಲೋ?" ಎಂದನಂತೆ. ರುಜು ಬಾರದ ಸಿನ್ನವನ್ ಹಸಿ ಸಿಮೆಂಟಿನ ಮೇಲೆ ಬಲಗಾಲು ಊರಿ, "ತಗಳಿ ಅಯ್ಯಾ, ಇದೇಯ. ಇಂಥದ್ದು ಊರಾಗೆ ಇನ್ನೊಬ್ಬಂಗಿಲ್ಲ," ಎಂದಿದ್ದ.

ಗುರುವಾರ ಪಾಕ್ಕಿಯಂ ಕಾಗದಕ್ಕೆ ರುಜು ಹಾಕಲಿಲ್ಲ. ಕನ್ನಡಕ ಕಾಣುತ್ತಿಲ್ಲ, ನಾಳೆ ವೇದಿಕೆ ಮೇಲೇ ಹಾಕುತ್ತೇನೆ ಎಂದು ಸುಳ್ಳು ಹೇಳಿದಳು. ವಿದಾನೆ ಲೌಡಿ ಗೀಡಿ ಎಂದು ಬೈದ. ಕ್ಯಾಪ್ಟನ್ ಮಾತ್ರ ಜನರಲ್ ಎದುರಲ್ಲೇ ರುಜು ಹಾಕಿದರೆ ಪಟ ಚೆನ್ನಾಗಿ ಬರುತ್ತದೆ ಎಂದು ಒಪ್ಪಿದರು.

ಶುಕ್ರವಾರ ಶಾಮಿಯಾನ, ಬ್ಯಾಂಡು, ಜನರಲ್. ಮುಂದಿನ ಕುರ್ಚಿಗಳಲ್ಲಿ ಮೇಲಿನ ಬೀದಿಯವರು, ಅವರ ಕೈಯಲ್ಲಿ ಗಾಜಿನ ಲೋಟದ ನೀರು. ಹಿಂದೆ ನಾವು, ನಿಂತುಕೊಂಡು. ಮೊದಲ ಆರು ಜನ ಕವಾಯತಿನಂತೆ ಕೈ ಚಾಚಿದರು, ಬಗ್ಗಿದರು, ನಕ್ಕರು. ಏಳನೆಯವಳು ಪಾಕ್ಕಿಯಂ. ಜನರಲ್ ರಟ್ಟಿನ ಬೀಗದ ಕೈ ನೀಡಿದರು. ಅವಳು ಎರಡೂ ಕೈ ಸೊಂಟಕ್ಕೆ ಕೊಟ್ಟು ಮೈಕಿನ ಮುಂದೆ ನಿಂತಳು.

"ವಿದಾನೆ ಅಯ್ಯಾ, ನೀರು ಹೆಂಗೈತೆ?"

ವಿದಾನೆ ಅದೇ ಆಗ ಲೋಟ ಕೆಳಗಿಟ್ಟಿದ್ದ. "ಕೈ ಚಾಚೇ ಮೊದ್ಲು," ಎಂದ, ಹಲ್ಲು ಕಚ್ಚಿ.

"ಸಿಹಿಯಾಗೈತಾ?"

"ಐತೆ, ಐತೆ. ತಗಳೇ!"

"ಇರ್ಲೇಬೇಕು. ಅದು ಸಿನ್ನವನ್ ಬಾವೀದು. ನಿಮ್ಮಪ್ಪ ರುಜು ಕೇಳಿದ್ನಲ್ಲ, ಅದೇ ಬಾವಿ. ನಾಕು ದಿನದಿಂದ ನಿಮ್ಮ ಬೀದಿಯೆಲ್ಲಾ ಕುಡೀತಾ ಕುಂತೈತೆ. ದೇವರ ಮನೆಗೂ ಅದೇ ನೀರು ಹೋಗೈತೆ. ಯಾರಿಗೂ ಹೊಟ್ಟೆನೋವು ಬಂದಿಲ್ವಲ್ಲ?"

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಎದ್ದಳು. ಲೋಟಗಳು ಒಂದೊಂದಾಗಿ ಕುರ್ಚಿಯ ಕೆಳಗಿಳಿದವು.

ಏನು ಹೇಳುತ್ತಿದ್ದಾಳೆ ಎಂದು ನಮ್ಮ ಭಾಷೆ ಬಾರದ ಜನರಲ್ ಕೇಳಿದರು.

"ನೀರು ಕೊಟ್ಟದ್ದಕ್ಕೆ ಧನ್ಯವಾದ ಹೇಳುತ್ತಿದ್ದಾಳೆ, ಸರ್," ಎಂದರು ಕ್ಯಾಪ್ಟನ್ ಹೇರತ್.

ಜನರಲ್ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಬ್ಯಾಂಡೂ ಬಾರಿಸಿತು.

"ನಂಗೆ ನಿಮ್ಮನೆ ಬ್ಯಾಡ ಸಾಮಿ," ಎಂದಳು ಪಾಕ್ಕಿಯಂ, ಬ್ಯಾಂಡಿಗಿಂತ ಜೋರಾಗಿ. "ನನ್ನ ನೆಲ ಬುಡಿ." ಕಾಗದವನ್ನು ಮಡಿಚಿ, ಜನರಲ್ ಎದುರಿನ ಹೂದಾನಿಗೆ ಸಿಕ್ಕಿಸಿ ಇಳಿದು ಬಂದಳು. ಹಿಂದಿನ ಸಾಲಿನಲ್ಲಿ ಮಲರ್ ಅಳುತ್ತಿದ್ದಳು. ಆಮೇಲೆ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ.

ಆ ಮನೆಯನ್ನು ವಿದಾನೆಯ ಭಾವಮೈದುನನ ಹೆಸರಿಗೆ ಬರೆದರು. ಮೇಲಿನ ಬೀದಿಯಲ್ಲಿ ಸಂಜೆಗೇ ಕೊಡಗಳೆಲ್ಲ ಮಗುಚಿ ಬಿದ್ದವು, ದೇವರ ಪಾತ್ರೆಗಳಿಗೆ ಹುಣಸೆಹಣ್ಣು ತಿಕ್ಕಿದರು. ಎರಡು ದಿನ ಹಟದಿಂದ ಉಪ್ಪುನೀರು ಕುಡಿದರು. ಮೂರನೆಯ ದಿನ ಕೊಡಗಳು ಮತ್ತೆ ಬೀದಿ ಬದಿಗೆ ಬಂದು ಕೂತವು. ಅಷ್ಟರಲ್ಲಿ ಟ್ಯಾಂಕರ್ ನಿಂತಿತ್ತು. ರಿಪೇರಿ ಎಂದರು.

ಆ ಬೆಳಿಗ್ಗೆ ಪಾಕ್ಕಿಯಂ ಹಗ್ಗ, ಕೊಡ ತೆಗೆದುಕೊಂಡು ಕ್ಯಾಂಪಿನ ದಾರಿ ಹಿಡಿದಳು. ಅವಳ ಹಿಂದೆ ನಾವು ಹೊರಟೆವು, ಅವಳೂ ಸೇರಿ ಹದಿನೇಳು ಜನ. ಅರ್ಧ ದಾರಿಯಲ್ಲಿ ಮಲರ್ ಓಡಿ ಬಂದು ತಾಯಿಯ ಕೈಯಿಂದ ಹಗ್ಗ ಕಿತ್ತುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. "ನೀನು ಕೊಡ ಹೊರು, ಸಾಕು," ಎಂದಳು. ಅಷ್ಟೇ ಮಾತು.

ಗೇಟಿನ ಸಿಪಾಯಿ ಬಂದೂಕು ಅಡ್ಡ ಹಿಡಿದ. ನಾವು ಗುಂಡಿನ ಬೋರ್ಡಿನ ಬುಡದಲ್ಲೇ ಕೂತೆವು. ಬಿಸಿಲು ಏರಿ ಡಾಂಬರು ಮೆತ್ತಗಾಯಿತು. ಮಧ್ಯಾಹ್ನದ ಹೊತ್ತಿಗೆ ಕ್ಯಾಪ್ಟನ್ ಹೇರತ್ ಬಂದರು. ಜೊತೆಗೆ ಎರಡು ಪೆಟ್ಟಿಗೆ ಬಾಟಲಿ ನೀರು, ಒಬ್ಬ ಫೋಟೋದವನು, ನಮ್ಮನ್ನು ಎಬ್ಬಿಸಲು ಕರೆಸಿದ ವಿದಾನೆ. ಬಾಟಲಿಗೆ ಹೊಸ ಚೀಟಿ ಅಂಟಿಸಿದ್ದರು: ಪಟ್ಟಾಳದ ಕಾಣಿಕೆ.

"ಅಮ್ಮಾ, ಕುಡಿಯಿರಿ. ಇದೂ ಅದೇ ಬಾವಿಯ ನೀರು. ನೀರಿಗೆ ಜಗಳ ಯಾಕೆ?"

"ಹೊರಕ್ಕೆ ತಂದ್ಕೊಡಬ್ಯಾಡ ಸಾಮಿ. ಒಳಕ್ಕೆ ಬುಡು. ನಾನೇ ಸೇದ್ಕತೀನಿ."

ಯಾರೂ ಬಾಟಲಿ ಮುಟ್ಟಲಿಲ್ಲ. ಫೋಟೋದವನು ನೀಡುವ ಕೈಗಳ ಪಟ ತೆಗೆದ, ಪಡೆಯುವ ಕೈ ಒಂದೂ ಸಿಗಲಿಲ್ಲ. ಕೊನೆಗೆ ಕ್ಯಾಪ್ಟನ್ ಒಂದು ಬಾಟಲಿಯನ್ನು ವಿದಾನೆಗೆ ಕೊಟ್ಟರು. ಅವನು ಕುಡಿದು ತೋರಿಸಿದರೆ ಉಳಿದವರೂ ಕುಡಿದಾರು ಎಂಬ ಲೆಕ್ಕ. ವಿದಾನೆ ಮುಚ್ಚಳ ತಿರುವಿದ. ಎರಡು ದಿನದ ಉಪ್ಪುನೀರಿಗೆ ಅವನ ತುಟಿ ಒಡೆದಿತ್ತು.

"ಕುಡೀರಯ್ಯಾ," ಎಂದಳು ಪಾಕ್ಕಿಯಂ, ಕೂತಲ್ಲಿಂದಲೇ. "ನಾನು ಬ್ಯಾಡ ಅನ್ನಾಕಿಲ್ಲ. ಯಾರ ಬಾವೀದು ಅಂತ ಒಂದ್ಸಲ ಬಾಯ್ಬುಟ್ಟು ಅಂದ್ಬುಡಿ. ಆಮ್ಯಾಕೆ ಹೊಟ್ಟೆ ತುಂಬ ಕುಡೀರಿ."

ಫೋಟೋದವನು ಕಣ್ಣಿಗೆ ಕ್ಯಾಮೆರಾ ಏರಿಸಿದ. ವಿದಾನೆ ಒಮ್ಮೆ ಕ್ಯಾಪ್ಟನ್ ಮುಖ ನೋಡಿದ, ಒಮ್ಮೆ ಬಾಟಲಿ ನೋಡಿದ. ನಾವು ಹದಿನೆಂಟು ಜನ ಬಾಯಾರಿಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದೆವು.