ಸದಾನಂದರ ಮೂರು ಫಂಕ್ಷನ್‌ಗಳು

ಮತ್ತೆ ನನ್ನ ಹೆಗಲ ಮೇಲಿಂದ ಪರದೆಯನ್ನೇ ನೋಡುತ್ತಿದ್ದಾರೆ, ಫ್ಯಾನಿನ ಗಾಳಿಗೆ ಅವರ ತಲೆಯೆಣ್ಣೆಯ ವಾಸನೆ ಇತ್ತಲೇ ಬರುತ್ತಿದೆ, ಏನು ನೋಡುತ್ತಾರೆ ಈ ಸದಾನಂದ — ವಿಮಲಾ, ಆ ಮೂರನ್ನು ಮುಟ್ಟಬೇಡಿ ಮಾರಾಯ್ರೆ, ನಡೀತಾ ಉಂಟಲ್ಲ — ನಡೆಯುತ್ತಿದೆ, ಸರಿ, ಆದರೆ ಮೂರು ಯಾಕೆ, ನಮ್ಮ ಕೊರಿಯರ್ ಆಫೀಸಿನ ಪ್ರೋಗ್ರಾಮಿನಲ್ಲಿ ಪಾರ್ಸೆಲ್ಲಿನ ವಿಳಾಸದಲ್ಲಿ ಹೆಚ್ಚಾದ ಖಾಲಿ ಜಾಗ ತೆಗೆಯಲು ಮೂರು ಫಂಕ್ಷನ್, ಮೂರು ತುಂಡು ಕೋಡು, ಹೆಸರು ಬೇರೆ ಬೇರೆ, ಒಳಗೆ ಮಾಡುವ ಕೆಲಸ ಒಂದೇ, ನನಗಿಂತ ಹತ್ತು ವರ್ಷ ಹಳಬರು, ಸುಮ್ಮನೆ ಹೀಗೆ ಬರೆಯುತ್ತಾರೆಯೇ, ಏನೋ ಅಡಗಿಸಿದ್ದಾರೆ. ಘಾಟ್ಕೋಪರಿನಲ್ಲಿ ಲೋಕಲ್ ರೈಲು ಹತ್ತಿದಾಗಿನಿಂದ ಇದೇ ಕೊರೆತ, ನಿನ್ನೆ ನಮ್ಮ ಮಾಲೀಕ ತಿರುಮಲೇಶ್ ಸಾಹೇಬರ ಕ್ಯಾಬಿನ್ನಿನಿಂದ ಹೊರಬಂದ ಸದಾನಂದ ನನ್ನ ಕಣ್ಣು ತಪ್ಪಿಸಿದರು, ಆಮೇಲೆ ಕೆಳಗಿನ ಹೋಟೆಲಿನಲ್ಲಿ ಕೇಳದೆಯೇ ಕಾಫಿ ತರಿಸಿದರು, ಮುಂಬಯಿಯ ಈ ಫೋರ್ಟ್ ಪೇಟೆಯಲ್ಲಿ ಸುಮ್ಮಸುಮ್ಮನೆ ಕಾಫಿ ಕುಡಿಸುವವರು ಯಾರು, ನಾಳೆ ಏನಾದರೂ ಕೆಟ್ಟರೆ ಹೊಸಬಳ ತಲೆಗೇ ಕಟ್ಟುತ್ತಾರೆ — ಊಟಕ್ಕೆ ಎದ್ದರು, ಬರ್ತೀರಾ, ಇಲ್ಲ ನೀವು ಹೋಗಿ, ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಇಳಿಯಿತು, ಈಗಲೇ, ಎರಡನ್ನು ಅಳಿಸಿದೆ, ಅವನ್ನು ಕರೆಯುತ್ತಿದ್ದ ಕಡೆಯೆಲ್ಲ ಉಳಿದೊಂದರ ಹೆಸರು ಹಾಕಿದೆ, ಪ್ರೋಗ್ರಾಮು ಓಡಿಸಿದೆ — ಏನೂ ಆಗಲಿಲ್ಲ, ಬೈಕುಲ್ಲಾ, ದಾದರ್, ಕುರ್ಲಾ, ವಿಳಾಸಗಳು ಸೊಗಸಾಗಿ ಸಾಲುಗಟ್ಟಿದವು, ಅಡಗಿಸಿದ್ದು ಏನೂ ಇರಲಿಲ್ಲ, ಹಾಗಾದರೆ ಅದೇ ಇನ್ನೂ ಅನುಮಾನ, ಏನೂ ಇಲ್ಲದ್ದನ್ನು ಯಾಕೆ ಕಾಯುತ್ತಿದ್ದರು.

ಅಷ್ಟರಲ್ಲಿ ಸಾಹೇಬರು ಬಂದು ನನ್ನ ಪರದೆಗೆ ಬಗ್ಗಿ ನೋಡಿದರು, ಭೇಷ್, ಇಷ್ಟೇನಾ ಇದು, ನೋಡ್ಕೊಳ್ಳೋಕೆ ಇಬ್ಬರು ಯಾಕಮ್ಮಾ ಹಾಗಾದ್ರೆ, ನೀವೊಬ್ಬರೇ ಸಾಕು — ಎಷ್ಟು ಬೇಗ ಅಂದುಬಿಟ್ಟರು, ಮಾತು ಬಾಯಲ್ಲೇ ಸಿದ್ಧವಾಗಿದ್ದ ಹಾಗೆ. ಸದಾನಂದ ಸಂಜೆ ಡ್ರಾಯರು ಖಾಲಿ ಮಾಡುತ್ತಿದ್ದರು, ನಾನು ಹೋಗಿ ನಿಂತೆ, ಯಾಕೆ ಬರೆದಿರಿ ಅವನ್ನ. ಒಬ್ಬರನ್ನು ತೆಗೀತೇನೆ ಅಂತ ಸಾಹೇಬರು ನೀವು ಬಂದಾಗಿಂದ ಹೇಳ್ತಾ ಇದ್ರು, ಕೆಲಸ ದೊಡ್ಡದು, ಇಬ್ಬರೂ ಬೇಕು ಅಂತ ಅವರಿಗೆ ಕಾಣ್ಲಿ ಅಂತ ಬರೆದದ್ದು, ಹೊಸಬರಲ್ಲವಾ, ನಿಮ್ಮನ್ನೇ ತೆಗೀತಾರೆ ಅಂತ ಎಣಿಸಿದ್ದೆ ನಾನು. ನನಗಾದರೂ ಹೇಳಬಹುದಿತ್ತಲ್ಲ. ಹೇಳಿದ್ರೆ ನಂಬ್ತಿದ್ದಿರಾ ನೀವು — ಅಂದು ನಕ್ಕರು, ಚೀಲ ಹೆಗಲಿಗೇರಿಸಿ ಹೋದರು, ಇದನ್ನೂ ನಂಬಬೇಕೇ, ಹೋಗುವಾಗ ಒಳ್ಳೆಯವರಾಗಲು ಎಲ್ಲರಿಗೂ ಬರುತ್ತದೆ, ಆದರೆ ಡ್ರಾಯರಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು — ಪ್ಯೂನ್ ಮೋನಪ್ಪ ಬಂದು ಅವರ ಕುರ್ಚಿ ಎತ್ತಿಕೊಂಡು ಹೋದ, ನೆಲದಲ್ಲಿ ಅದರ ಕಾಲಿನ ನಾಲ್ಕು ಕಪ್ಪು ಗುರುತು, ಪರದೆಯತ್ತ ತಿರುಗಿದೆ, ಅಲ್ಲೂ ನಾಲ್ಕು ಗುರುತು, ಕಿಟಕಿಯತ್ತ ತಿರುಗಿದೆ, ವರ್ಷಗಟ್ಟಲೆ ಒಬ್ಬ ಮನುಷ್ಯ ಕೂತು ಸವೆಸಿದ ನೆಲ, ನಾಲ್ಕು ಗುರುತು, ನಾಲ್ಕು —