ಹೊರಗಿನ ಪಟ್ಟಿ ಕಪ್ಪಾಗಿತ್ತು

ತಿಂಡಿಗೆ ಮುಂಚೆ ಬೈಬಲಿನ ಒಂದು ಅಧ್ಯಾಯ ಓದಲೇಬೇಕು ಎನ್ನುವುದು ಮಾವನ ಕಟ್ಟಳೆ. ಮೂವತ್ತೈದು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವರು. ವೇದವಾಕ್ಯವನ್ನೂ ಪಾಠದಂತೆ ಬಿಡಿಸಿ ಹೇಳುವರು. ಅಂದು ಸೇನಾಪತಿ ನಾಮಾನನ ಕಥೆ. ಮೈಯೆಲ್ಲ ಕುಷ್ಠ. ಹೊಳೆಯಲ್ಲಿ ಏಳು ಸಲ ಮುಳುಗು ಎಂದು ಪ್ರವಾದಿ ಹೇಳಿಕಳಿಸಿದರೆ ಅವನಿಗೆ ಎಲ್ಲಿಲ್ಲದ ಸಿಟ್ಟು.

“ನೀರಲ್ಲಿ ಔಷಧಿ ಇರ್ಲಿಲ್ಲಮ್ಮ,” ಮಾವ ಸೊಸೆಯತ್ತ ತಿರುಗಿದರು. “ಮುಳುಗ್ಬೇಕಾದ್ರೆ ಕವಚ ಬಿಚ್ಬೇಕಲ್ಲ, ಆಳುಗಳ ಕಣ್ಣೆದುರಿಗೇ? ಅವನು ವಾಸಿಯಾಗಿದ್ದು ಅಲ್ಲಿ. ಇದು ಚರ್ಮದ ಕಥೆ ಅಲ್ಲ. ಹೊರಗೆ ಎಲ್ಲಾ ಸರಿಯಾಗೇ ಕಾಣ್ತಿರುತ್ತೆ, ಒಳಗೆ…”

“ಒಳಗೆ ಹೊಟ್ಟೆ ತಾಳ ಹಾಕ್ತಿದೆ,” ಅಡುಗೆಮನೆಯಿಂದ ಅತ್ತೆ ಕೂಗಿದರು. “ಬೇಗ ಮುಳುಗಿಸಿ ಎಬ್ಬಿಸ್ರೀ ಅವನ್ನ!”

ಸೊಸೆ ನಗಲಿಲ್ಲ. ‘ಒಳಗೆ’ ಎಂಬ ಮಾತಿಗೆ ಅವಳಿಗೆ ನಿನ್ನೆಯ ಡ್ರಮ್ಮು ನೆನಪಾಗಿತ್ತು.

ಆಪರೇಷನ್ನಿನ ಬಟ್ಟೆ, ಸಲಕರಣೆಗಳನ್ನು ಹಬೆಯಲ್ಲಿಟ್ಟು ಕ್ರಿಮಿ ಕೊಲ್ಲುವುದು ಆಸ್ಪತ್ರೆಯಲ್ಲಿ ಅವಳ ಕೆಲಸ. ಅವನ್ನು ತುಂಬುವ ಉಕ್ಕಿನ ಡ್ರಮ್ಮಿನ ಪಕ್ಕದಲ್ಲಿ ಕಿಂಡಿಗಳಿರುತ್ತವೆ. ಯಂತ್ರದೊಳಗೆ ಇಡುವಾಗ ತೆರೆಯಬೇಕು, ತೆಗೆದ ಕೂಡಲೇ ಮುಚ್ಚಬೇಕು. ಕಾದ ತಗಡನ್ನು ಸರಿಸುವಾಗ ದಿನವೂ ಹೆಬ್ಬೆರಳು ಚುರುಕ್ಕೆನ್ನುತ್ತದೆ. ನಿನ್ನೆಯ ಮೂರು ಡ್ರಮ್ಮುಗಳಲ್ಲಿ ಕೊನೆಯದಕ್ಕೆ ಹಾಗೆನ್ನಲಿಲ್ಲ. ಮುಚ್ಚಿದ ನೆನಪೇ ಕೈಗಿಲ್ಲ, ಆದರೂ ಕಪಾಟಿನಲ್ಲಿಡುವಾಗ ಅದು ಮುಚ್ಚಿತ್ತು. ಅಂದರೆ ಕಿಂಡಿಗಳು ಮೊದಲಿನಿಂದಲೂ ಮುಚ್ಚೇ ಇದ್ದವೇ? ಹಾಗಿದ್ದರೆ ಒಳಗೆ ಹಬೆ ಹೋಗಿಯೇ ಇಲ್ಲ. ಹಬೆ ತಾಗಿದರೆ ಬಣ್ಣ ಬದಲಿಸುವ, ಹೊರಗೆ ಅಂಟಿಸಿದ ಪಟ್ಟಿ ಮಾತ್ರ ನಿಯಮದಂತೆ ಕಪ್ಪಾಗಿತ್ತು. ಒಳಗಿಡುವ ಪಟ್ಟಿಗಳು ಮುಗಿದು ವಾರವಾಗಿತ್ತು. ಅವಳಾಗಿ ಬಾಯಿ ಬಿಡದಿದ್ದರೆ ನರಪಿಳ್ಳೆಗೂ ತಿಳಿಯದು.

ಗಡಿಯಾರ ಎಂಟೂ ಐವತ್ತು ತೋರಿಸುತ್ತಿತ್ತು. ಒಂಬತ್ತಕ್ಕೆ ಯಾವುದೋ ಹೆಂಗಸಿನ ಹೊಟ್ಟೆ ಕೊಯ್ಯುತ್ತಾರೆ. ಹೇಳಿದರೆ ಕೆಲಸ ಉಳಿಯುವುದಿಲ್ಲ. ಇವಳಿಗಿಂತ ಮುಂಚೆ ಆ ಕೋಣೆಯಲ್ಲಿದ್ದವಳನ್ನು ಇದಕ್ಕಿಂತ ಚಿಕ್ಕ ತಪ್ಪಿಗೇ ಮನೆಗೆ ಕಳಿಸಿದ್ದರು.

“ಆಮೇಲೆ, ಮಾವ? ಮುಳುಗಿದ್ನಾ?”

“ಆಳುಗಳೇ ಬುದ್ಧಿ ಹೇಳಿದ್ರು. ಕಷ್ಟದ್ದು ಹೇಳಿದ್ರೆ ಮಾಡ್ತಿದ್ರಿ, ಇಷ್ಟು ಸುಲಭದ್ದು ಯಾಕಾಗಲ್ಲ ಅಂತ.”

ಸುಲಭವಂತೆ! ಅವಳು ಫೋನು ಹಿಡಿದು ಹಿತ್ತಲಿಗೆ ಓಡಿದಳು. ಆಪರೇಷನ್ ಕೋಣೆಯ ನಂಬರು ಒತ್ತಿದಳು.

“ಏನೇ, ರಜಾ ದಿನಾನೂ ನಮ್ಮ ನೆನಪಾ?” ದೊಡ್ಡ ಸಿಸ್ಟರ್ ನಕ್ಕರು.

“ಸಿಸ್ಟರ್, ಕೊನೇ ಡ್ರಮ್ ತೆಗೀಬೇಡಿ. ಕಿಂಡಿ ತೆಗ್ದಿರ್ಲಿಲ್ಲ ಅನ್ಸುತ್ತೆ.”

ನಗು ನಿಂತಿತು. “ಪಟ್ಟಿ ಕಪ್ಪಗಿದೆಯಲ್ಲೇ.”

“ಹೊರಗಡೇದು ಅದು.”

“ಅನ್ಸುತ್ತೆ ಅಂದ್ರೆ? ಪೇಷೆಂಟು ಟೇಬಲ್ ಮೇಲಿದಾಳೆ. ಡಾಕ್ಟ್ರು ಕೈ ತೊಳೀತಿದಾರೆ. ಖಂಡಿತಾನಾ, ಅನುಮಾನಾನಾ?”

ಅನುಮಾನ ಎಂದರೆ ಬಚಾವಾಗಬಹುದು. ಸಿಸ್ಟರ್ರೇ ತೋರಿಸಿದ ದಾರಿ.

“ತಪ್ಪು ನಂದೇ. ಬಳಸ್ಬೇಡಿ ಸಿಸ್ಟರ್.”

ಆಚೆ ಯಾರೋ ಗದರಿದರು, ಏನೋ ಟಣ್ಣೆಂದು ಬಿತ್ತು. ಮತ್ತೆ ಸಿಸ್ಟರ್ ದನಿ, ಈಗ ಬರಿಯ ಉಸಿರಿನಷ್ಟು. “ಅದೊಂದೇನಾ? ಮಿಕ್ಕ ಎರಡು?”

ಅವಳು ಹೆಬ್ಬೆರಳನ್ನು ನೋಡಿಕೊಂಡಳು. ಮೊದಲನೆಯದಕ್ಕೆ ಸುಟ್ಟಿತ್ತು. ಎರಡನೆಯದಕ್ಕೆ? ಮೊನ್ನೆಯವಕ್ಕೆ? ಎಷ್ಟು ಕೆದಕಿದರೂ ಏನೂ ಸಿಗಲಿಲ್ಲ. ಅವಳು ಹಿತ್ತಲ ಬಾಗಿಲಲ್ಲಿದ್ದ ಚಪ್ಪಲಿ ಮೆಟ್ಟಿದಳು.

“ಗೊತ್ತಿಲ್ಲ ಸಿಸ್ಟರ್,” ಎಂದಳು. “ಎಲ್ಲಾನೂ ತೆಗೆದಿಡ್ಸಿ. ಬರ್ತಿದೀನಿ.”